ಶಿವಕಾಂತಮ್ಮನ ಫರಸಿ ಶಾಲು

ಕಲಬುರಗಿ ಸೀಮೆಯ ವಾಡಿಯಲ್ಲಿ ಕುಳಿತು ಸ್ವೆಟರ್ ಹೆಣೆಯುವವಳಿಗೆ ತಲೆ ನೆಟ್ಟಗಿದೆಯೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ನಲ್ಲಿಯ ನೀರೂ ಕೈ ಸುಡುತ್ತದೆ. ಚಳಿ ಡಿಸೆಂಬರಿನಲ್ಲಿ ಬಂದು ಸಂಕ್ರಾಂತಿಗೆಲ್ಲ ಗಂಟುಮೂಟೆ ಕಟ್ಟುತ್ತದೆ. ಆದರೂ ನನ್ನ ಅಕ್ಕ ಶಿವಕಾಂತಮ್ಮ ಹತ್ತೊಂಬತ್ತು ವರ್ಷಗಳಿಂದ ರೈಲ್ವೆ ಕ್ವಾರ್ಟರ್ಸಿನ ತನ್ನ ಮನೆಯಲ್ಲಿ ಹೆಣಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಹೆಂಡತಿ ಹೊತ್ತೊಯ್ಯಲಾರದೆ ಬಿಟ್ಟುಹೋದ ಹಳೆಯ ಜಪಾನಿ ಮಷಿನ್ ಅದು. ಮೇಜಿನ ಉದ್ದಕ್ಕೂ ಇನ್ನೂರು ಕೊಕ್ಕೆಸೂಜಿ. ಮೇಲಿನ ಹಿಡಿಯನ್ನು ಒಮ್ಮೆ ಆಚೆಯಿಂದ ಈಚೆಗೆ ಎಳೆದರೆ ಬಟ್ಟೆಯ ಒಂದು ಸಾಲು.

ಊರಿನ ಬಾಯಲ್ಲಿ ಅವಳು 'ಸ್ವೆಟರ್ ಬಾಯಿ'. ಅಂದರೆ ಶಾಲೆ ಮಕ್ಕಳ ಮರೂನ್ ಸ್ವೆಟರು, ಅದೇ ಕೊರಳು, ಅದೇ ತೋಳು. ಪಕ್ಕದ ಮನೆಯ ರತ್ನಾಬಾಯಿಯಂತೂ ನಿಂತು ನೋಡಿ, "ಎಲ್ಲಾ ಮಷಿನ್ನೇ ಮಾಡ್ತದ, ನೀ ಸುಮ್ಮ ಕೈ ಆಡಸ್ತಿ" ಎಂದು ಹೇಳಿ ಹೋಗುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಸೇಡಂನಲ್ಲಿ ಶಾಲಾ ಟೀಚರು, ಶನಿವಾರ ಮಧ್ಯಾಹ್ನ ರೈಲು ಹಿಡಿದು ಅಕ್ಕನ ಮನೆಗೆ ಬರುವವಳು. ಬಂದವಳು ಅಕ್ಕನ ಪರವಾಗಿ ಓಣಿಯವರೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವಳ ಕೆಲಸ ಈ ಊರಲ್ಲಿ ತಿಳಿದವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಅಕ್ಕನ ಆಸೆ ಮರೂನ್ ಸ್ವೆಟರಿನದಲ್ಲ. ಅವಳಿಗೆ ಬಟ್ಟೆಯನ್ನೇ ಹೊಸದಾಗಿ ಕಟ್ಟಬೇಕಿತ್ತು. ನಮ್ಮ ತವರು ಭಂಕೂರ. ಅಪ್ಪ ಜಗದೇವಪ್ಪ ಕಲ್ಲಿನ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದವನು. ಮನೆಗಳಿಗೆ ಹಾಸುವ ಶಹಾಬಾದಿನ ಫರಸಿ ಕಲ್ಲು ನೆಲದೊಳಗಿಂದ ಪದರು ಪದರಾಗಿ ಏಳುತ್ತದೆ. ಪಾಲಿಶ್ ಮಾಡುವ ಮೊದಲು ಅದರ ಮೈಮೇಲೆ ಸಣ್ಣ ಏರು, ಸಣ್ಣ ತಗ್ಗು; ಕಣ್ಣಿಗಿಂತ ಅಂಗೈಗೆ ಚೆನ್ನಾಗಿ ತಿಳಿಯುತ್ತದೆ. ಆ ಮೈ ದಾರದಲ್ಲಿ ಬರಬೇಕು ಎನ್ನುವುದು ಅವಳ ಹಟ.

ಅದಕ್ಕೆ ಕೆಲವು ಸೂಜಿಗಳನ್ನು ಹೆಣೆಯಗೊಡದೆ, ಎರಡು ಮೂರು ಸಾಲಿನ ದಾರ ಕೊಕ್ಕೆಯಲ್ಲೇ ಹಿಡಿದುಕೊಂಡು ನಿಲ್ಲುವಂತೆ ಮಾಡಬೇಕು. ಆಮೇಲೆ ಅಷ್ಟನ್ನೂ ಒಟ್ಟಿಗೆ ಹೆಣೆದಾಗ ಬಟ್ಟೆ ಅಲ್ಲಿ ಉಬ್ಬುತ್ತದೆ. ಯಾವ ಸೂಜಿ ನಿಲ್ಲಬೇಕು, ಯಾವುದು ನಡೆಯಬೇಕು ಎಂದು ಮಷಿನ್ನಿಗೆ ಹೇಳುವುದು ತೂತು ಹೊಡೆದ ಒಂದು ಕಾರ್ಡು. ಆ ಕಾರ್ಡು ಈಗ ಎಲ್ಲಿಯೂ ಸಿಗುವುದಿಲ್ಲ. ಅಕ್ಕ ಹಳೆಯ ಎಕ್ಸ್-ರೇ ಹಾಳೆ ಕತ್ತರಿಸಿ, ಚಪ್ಪಲಿ ಹೊಲಿಯುವವನ ಉಳಿ ಕೇಳಿ ತಂದು, ತೂತು ಹೊಡೆಯುತ್ತಿದ್ದಳು. ಒಂದು ತೂತು ಕೂದಲೆಳೆಯಷ್ಟು ಸರಿದರೂ ಸೂಜಿ ತಪ್ಪಿ ಇಡೀ ಅಂಗೈಯಗಲದ ಬಟ್ಟೆ ಬಿಚ್ಚಬೇಕು. ಚೌಕಳಿ ಪುಸ್ತಕದಲ್ಲಿ ಬರೆಯುವಳು, ಅಳಿಸುವಳು, ಹೆಣೆಯುವಳು, ಬಿಚ್ಚುವಳು. ಹೀಗೆ ಎರಡು ವರ್ಷ. ಭಾವ ಸುರೇಶಕುಮಾರ ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕೆಲಸ ಮುಗಿಸಿ ಬಂದರೆ ಕಾಲಿಡಲು ಜಾಗವಿಲ್ಲದಂತೆ ದಾರ ಹರಡಿರುತ್ತಿತ್ತು.

ಕೊನೆಗೆ ಕಳೆದ ನವೆಂಬರಿನಲ್ಲಿ ಬೂದು ಬಣ್ಣದ ಒಂದು ಶಾಲು ತಯಾರಾಯಿತು. ಕಲಬುರಗಿಯಲ್ಲಿ ಬಟ್ಟೆ ಅಂಗಡಿ ನಡೆಸುವ ಕರುಣಾ ಎಂಬವರು ಭಾನುವಾರ ಬಂದು ನೋಡುತ್ತೇನೆ ಎಂದಿದ್ದರು. ಅವರು ಮೆಚ್ಚಿದರೆ ಅಕ್ಕ ಮರೂನ್ ಸ್ವೆಟರಿಗೆ ಕೈ ಮುಗಿದು ತನ್ನ ಬಟ್ಟೆಯನ್ನೇ ಹೆಣೆಯಬಹುದಿತ್ತು. ಐವತ್ತೊಂದು ವರ್ಷ ತುಂಬಿದ ಮೇಲೆ ಬಂದ ಒಂದೇ ಒಂದು ಅವಕಾಶ.

ಭಾನುವಾರ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಳು. ಶಾಲು ಮಂಚದ ಮೇಲೆ ಮಡಿಸದೆ ಬಿದ್ದಿತ್ತು. ಮನೆಗೆ ಬರುವವರ ಕೈಗೆ ಮುದುಡಿದ ಬಟ್ಟೆ ಕೊಡುವುದುಂಟೆ? ಹತ್ತಿ ಸೀರೆಗೆ ಇಸ್ತ್ರಿ ಇಲ್ಲದೆ ಶಾಲೆಯ ಮೆಟ್ಟಿಲು ಹತ್ತದವಳು ನಾನು. ಶಾಲು ಎತ್ತಿಕೊಂಡು ಸ್ಟೇಶನ್ ರಸ್ತೆಯ ಮಶಾಕನ ಇಸ್ತ್ರಿ ಅಂಗಡಿಗೆ ಹೋದೆ.

ಮಶಾಕ ಶಾಲಿನ ಮೇಲೆ ಕೈಯಾಡಿಸಿ ತಡೆದ. "ಟೀಚರಬಾಯಿ, ಇದರ ಮೈಯೆಲ್ಲಾ ಉಬ್ಬುಬ್ಬು ಅದ. ಹಿಂಗೇ ಇರಬೇಕೇನ್ರಿ?"

"ಹಿಂಗ್ಯಾಕ ಇರ್ತದೋ? ಹಸಿ ಅರಿವಿ ಹಾಕಿ ಚಲೋ ಒತ್ತು. ಒಂದು ನಿರಿಗಿ ಉಳೀಬಾರದು."

ಅವನು ಚಲೋ ಒತ್ತಿದ. ನಾವು ಉಣ್ಣೆ ಉಣ್ಣೆ ಎನ್ನುವ ಈ ದಾರ ಪ್ಲಾಸ್ಟಿಕ್ಕಿನ ಬಳಗವಂತೆ. ಬಿಸಿ ಇಸ್ತ್ರಿ ತಾಗಿದರೆ ಸೋತು ಮಲಗುತ್ತದೆ, ತೊಳೆದರೂ ಮತ್ತೆ ಏಳುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಮನೆಗೆ ತಂದು ಕೊಟ್ಟಾಗ ಅಕ್ಕ ಮಡಿಕೆ ಬಿಚ್ಚಿದಳು. ಅಂಗೈ ಇಟ್ಟಳು. ಒಮ್ಮೆ ಇಟ್ಟ ಜಾಗದಲ್ಲೇ ಮತ್ತೊಮ್ಮೆ ಇಟ್ಟಳು.

"ಯಾರು ಒತ್ತಿಸಿದ್ರು?"

"ನಾನೇ ಅಕ್ಕಾ. ಮುದ್ದಿ ಆಗಿತ್ತಲ್ಲ ಅಂತ…"

ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಶಾಲನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಕರುಣಾ ಬಂದು ನಿಂತಿದ್ದರು.

ಕರುಣಾ ಶಾಲು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿದರು. "ಎಷ್ಟು ಮೆತ್ತಗ ಅದರಿ! ಭಾಳ ಚಂದ ಇಳಿಬೀಳ್ತದ. ಒಳಗ ನೆರಳಿನಂಗ ಏನೋ ಗೆರಿ ಕಾಣಸ್ತದಲ್ಲ, ಅದೂ ಚಂದ. ಇಂಥವೇ ಇಪ್ಪತ್ತು ಮಾಡಿಕೊಡ್ರಿ."

ಅಕ್ಕ ಒಳಗೆ ಹೋಗಿ ಮೊದಲು ಹೆಣೆದಿಟ್ಟಿದ್ದ ಕರವಸ್ತ್ರದಷ್ಟು ತುಂಡು ತಂದಳು. "ಖರೇ ಬಟ್ಟಿ ಇದರಿ. ಅದು ತಪ್ಪಿ ಇಸ್ತ್ರಿ ಆಗ್ಯಾದ. ಇದನ್ನ ಮುಟ್ಟಿ ನೋಡ್ರಿ."

ಕರುಣಾ ಎರಡು ಬೆರಳಲ್ಲಿ ಮುಟ್ಟಿದರು. "ಇದು ಒರಟ ಆಯ್ತರಿ. ನಮ್ಮ ಬಿಸಿಲಿನಾಗ ಇದನ್ನ ಯಾರು ಹೊದಿತಾರ? ಅದೇ ಇರ್ಲಿ."

ಚಹಾ ಕುಡಿದು, ಗಡಿಯಾರ ನೋಡಿ, ಅವರು ರೈಲಿಗೆ ಹೋದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಕರುಣಾ ಮೇಲೆ, ರತ್ನಾಬಾಯಿ ಮೇಲೆ, ಈ ಸುಡುಗಾಡು ಬಿಸಿಲಿನ ಮೇಲೆ. ಆಮೇಲೆ ಸಿಟ್ಟು ಮಾಡಿಕೊಳ್ಳಲು ಉಳಿದವಳು ನಾನೊಬ್ಬಳೇ. ಎರಡು ವರ್ಷ ಅವಳ ಪರ ಜಗಳವಾಡಿದೆ, ಆ ಬಟ್ಟೆಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಇಸ್ತ್ರಿಯವನಿಗೆ ತಿಳಿದಷ್ಟೂ ನನಗೆ ತಿಳಿದಿರಲಿಲ್ಲ.

ಆ ಇಪ್ಪತ್ತು ಶಾಲಿನ ಕೆಲಸ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅಕ್ಕ ಒಪ್ಪಿಕೊಂಡಳು. ಆ ನೆರಳಿನ ಗೆರೆ ಬೇಕೆಂದರೆ ಮೊದಲು ಉಬ್ಬು ಹೆಣೆಯಲೇಬೇಕು; ತೂತು ಹೊಡೆದ ಅದೇ ಕಾರ್ಡು, ನಿಂತು ನಡೆಯುವ ಅವೇ ಸೂಜಿ, ಅವೇ ಸಾವಿರ ಸಾಲು. ಎಲ್ಲ ಆದಮೇಲೆ ಒತ್ತಿಸಿ ಮಲಗಿಸಬೇಕು.

ಮೊದಲ ಐದು ಶಾಲು ಮುಗಿದ ಶನಿವಾರ ನಾನು ಬಂದು ಕುಳಿತ ಕೂಡಲೇ ಅವನ್ನು ನನ್ನ ತೊಡೆಯ ಮೇಲೆ ಹಾಕಿದಳು.

"ಮಶಾಕನ ಕಡೆ ಒಯ್ದು ಬಾ. ಅದಕ್ಕೂ ಮೊದಲ ಒಂದೊಂದನ್ನೂ ಕೈಯಿಟ್ಟು ನೋಡು ಭಾಗೀ. ಇವನ್ನ ಹಿಂಗ ನೋಡಾಕಿ ನೀನೊಬ್ಬಾಕಿನೇ."

ನಾನು ಒಂದೊಂದನ್ನೂ ನೋಡಿದೆ. ಭಂಕೂರದ ಅಂಗಳದಲ್ಲಿ ಅಪ್ಪ ತಂದು ಒರಗಿಸುತ್ತಿದ್ದ ಹಸಿ ಕಲ್ಲು ನನ್ನ ಅಂಗೈಗೆ ಹತ್ತಿತು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಲೇ ಎಂದು ಕೇಳಿದೆ. ಸಂಜೆಗೆ ಅಂಗಡಿ ಮುಚ್ಚುತ್ತಾನೆ ಎಂದಳು. ಐದನ್ನೂ ಚೀಲಕ್ಕೆ ಹಾಕಿಕೊಂಡು ಸ್ಟೇಶನ್ ರಸ್ತೆಗೆ ಹೊರಟೆ.