ಕೆಂಪು ಮುಂಡಾಸಿನ ರಾಜನ ಬಲಗಾಲು

ಗೊಂಬೆ ಆಡಿಸುವವರಿಗೆ ಜನರ ಮುಖ ಕಾಣುವುದಿಲ್ಲ. ಅವರು ಕಪ್ಪು ಪರದೆಯ ಹಿಂದೆ ನಿಂತು, ಮೇಲಿನಿಂದ ನೂಲು ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ತಾವೇ ಕುಣಿಯುತ್ತಾರೆ. ಆ ಕುಣಿತ ಕೈಗೆ ಬಂದು, ಕೈಯಿಂದ ನೂಲಿಗೆ ಇಳಿದು ಗೊಂಬೆ ಕುಣಿಯುತ್ತದೆ. ಎದುರು ಕೂತವರು ನಕ್ಕರೋ, ಆಕಳಿಸಿದರೋ, ಎದ್ದು ಹೋದರೋ ಅವರಿಗೆ ಗೊತ್ತಾಗುವುದು ಸದ್ದಿನಿಂದ ಮಾತ್ರ. ಹಾಗಾಗಿ ಮನೆಯವರೊಬ್ಬರು ಜನರ ನಡುವೆ ಕೂತು ನೋಡಿಕೊಂಡು ಹೋಗಿ ಹೇಳಬೇಕು. ಆ ಕೆಲಸ ನನ್ನದು. ಮದುವೆಯಾಗಿ ಕೊಕ್ಕರ್ಣೆಗೆ ಹೋದ ಮೇಲೂ ಅದು ನನ್ನ ಹೆಗಲಿನಿಂದ ಇಳಿಯಲಿಲ್ಲ. ಆಟ ಮುಗಿದು ಪೆಟ್ಟಿಗೆ ಕಟ್ಟುವಾಗ ಅಪ್ಪಯ್ಯ ಬೆವರು ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು, "ಎಂತ ಅಂದ್ರ್ ಹೆಣ್ಣೆ, ಜನ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಎರಡನೇ ಸಾಲಿನ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು, ಮುಂದಿನ ಸಾಲಿನ ಗಣ್ಯರು ಶಾಲು ಹೊದೆಸಿಕೊಂಡ ಕೂಡಲೇ ಜಾಗ ಖಾಲಿ ಮಾಡಿದ್ದು, ಯಾರೋ ಆಟದ ನಡುವೆ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದುದು, ಎಲ್ಲ. ಎದ್ದು ಹೋದವರನ್ನು ಅಪ್ಪಯ್ಯ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕಣ್ಣು ಒರೆಸಿಕೊಂಡ ಹೆಂಗಸಿನ ಸುದ್ದಿಯನ್ನು ಮಾತ್ರ ಎರಡೆರಡು ಸಲ ಹೇಳಿಸುತ್ತಿದ್ದರು.

ಬಸ್ಸಿನ ಮೆಟ್ಟಿಲಿನಿಂದ ಬಿದ್ದ ಮೇಲೆ ಅವರ ಬಲ ಮೊಣಕಾಲು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಉಳಿದ ಗೊಂಬೆಗಳನ್ನೆಲ್ಲ ನನ್ನ ತಮ್ಮನಿಗೆ ಬಿಟ್ಟುಕೊಟ್ಟರು. ಒಂದನ್ನು ಮಾತ್ರ ಬಿಡಲಿಲ್ಲ. ಅದು ಕೆಂಪು ಮುಂಡಾಸಿನ ರಾಜ. ಪ್ರಸಂಗ ಯಾವುದೇ ಇರಲಿ, ಆ ರಾಜನ ಪ್ರವೇಶದ ಕುಣಿತ ಅಪ್ಪಯ್ಯನದೇ. ಪರದೆಯ ಹಿಂದೆ ಗೆಜ್ಜೆ ಒಂದು ಹೆಜ್ಜೆ ಗಟ್ಟಿಯಾಗಿ, ಇನ್ನೊಂದು ಹೆಜ್ಜೆ ಎಳೆದುಕೊಂಡು ಕೇಳುತ್ತಿತ್ತು. ಕಣ್ಣು ಮುಚ್ಚಿ ಕೂತರೆ ಯಾರೋ ಕುಂಟಿಕೊಂಡು ಬರುತ್ತಿದ್ದಾರೆ ಎನ್ನಿಸಬೇಕು. ಕಣ್ಣು ಬಿಟ್ಟರೆ ರಾಜ ನೆಟ್ಟಗೆ, ಎದೆ ಎತ್ತಿ ನಡೆದು ಬರುತ್ತಿದ್ದ. "ಆಡ್ಸುವರ್ ಕುಂಟಿರೂ ರಾಜ ಕುಂಟ್ತಿಲ್ಲೆ, ಕಂಡ್ರ್ಯಾ?" ಎಂದು ಜನ ಪಕ್ಕದವರಿಗೆ ತಿವಿದು ಹೇಳುವುದನ್ನು ನಾನೇ ಕೇಳಿದ್ದೇನೆ. ಅದನ್ನು ಹೋಗಿ ಹೇಳಿದ ದಿನ ಅಪ್ಪಯ್ಯನ ಗತ್ತು ಕೇಳುವುದೇ ಬೇಡ. "ಕಾಲ್ ಹೋಯ್ಲಿ ಬಿಡ್, ಕೈ ಇತ್ತಲೆ" ಎಂದು ಅಮ್ಮನ ಕಡೆ ನೋಡುವರು. ಅಮ್ಮ ಗೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಾ "ಹೌದ್, ಹೌದ್" ಎನ್ನುವಳು.

ಅಮ್ಮನ ಜಾಗ ಯಾವತ್ತೂ ಪರದೆಯ ಹಿಂದೆ. ಯಾವ ಗೊಂಬೆ ಯಾವಾಗ ಬೇಕು ಎಂದು ನೋಡಿ ತೆಗೆದು ಕೊಡುವವಳು ಅವಳು. ನೂಲು ಕಟ್ಟುವವಳೂ ಅವಳೇ. ಗೊಂಬೆ ಆಡಿಸುವವರು ತಮ್ಮ ಗೊಂಬೆಯ ನೂಲನ್ನು ತಾವೇ ಕಟ್ಟಬಾರದು, ಬಿಚ್ಚಬಾರದು ಎನ್ನುವುದು ನಮ್ಮ ಮನೆಯ ಕ್ರಮ. ಅಜ್ಜನ ಕಾಲದಲ್ಲಿ ಅಜ್ಜಿ ಕಟ್ಟುತ್ತಿದ್ದರು, ಆಮೇಲೆ ಅಮ್ಮ. ಇಷ್ಟು ವರ್ಷದಲ್ಲಿ ಅವಳು ಒಂದು ಆಟವನ್ನೂ ಎದುರಿಗೆ ಕೂತು ನೋಡಿರಲಿಲ್ಲ.

ಅಪ್ಪಯ್ಯ ತೀರಿಕೊಂಡದ್ದು ಮಳೆ ಬಿಟ್ಟು ಆಟಗಳು ಶುರುವಾಗುವ ಸಮಯದಲ್ಲಿ. ವರ್ಷಾಂತಿಕ ಮುಗಿಯುವ ತನಕ ಅಮ್ಮ ಆಟಕ್ಕೆ ಬರುವ ಹಾಗಿರಲಿಲ್ಲ. ಪೆಟ್ಟಿಗೆಗೂ ಕೈ ಹಾಕಲಿಲ್ಲ. ಬ್ರಹ್ಮಾವರದ ಒಂದು ಶಾಲೆಯವರಿಗೆ ಅಪ್ಪಯ್ಯನೇ ಮಾತು ಕೊಟ್ಟಿದ್ದರಿಂದ ಆ ಆಟ ಮಾತ್ರ ಬಿಡುವಂತಿರಲಿಲ್ಲ. ತಮ್ಮ ಕೆಂಪು ಮುಂಡಾಸಿನ ರಾಜನನ್ನು ಮೊದಲ ಸಲ ಕೈಗೆತ್ತಿಕೊಂಡ.

ಗೆಜ್ಜೆ ಒಂದೇ ಸಮ ಕೇಳಿತು. ತಮ್ಮನ ಕಾಲು ಗಟ್ಟಿಮುಟ್ಟು, ಕೇಳುವುದೇನು. ಆದರೆ ಪರದೆಯ ಬದಿಯಿಂದ ಬಂದ ರಾಜ ಕುಂಟುತ್ತಿದ್ದ.

ಬಲಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ಎತ್ತಿ, ಒಂದು ಗಳಿಗೆ ತಡೆದು, ಸೊಂಟ ಓರೆ ಮಾಡಿಕೊಂಡು ಮುಂದೆ ಬಂದ. ಅಪ್ಪಯ್ಯ ಪೇಟೆಯಿಂದ ಮೀನಿನ ಚೀಲ ಹಿಡಿದು ಗದ್ದೆಯ ಅಂಚಿನ ಮೇಲೆ ಬರುತ್ತಿದ್ದುದು ಹೀಗೆಯೇ. ಮಕ್ಕಳು ಕಿಸಕ್ಕೆಂದು ನಕ್ಕರು. ದೊಡ್ಡವರು ಯಾರೂ ನಗಲಿಲ್ಲ. ನನ್ನ ಸಾಲಿನ ಕೊನೆಯಲ್ಲಿ ಒಬ್ಬ ಮುದುಕರಿದ್ದರು. ಅಪ್ಪಯ್ಯನ ಆಟ ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಿದ್ದವರು. ಅವರು ಕೋಲೂರಿ ಎದ್ದು ನಿಂತು ಕೈ ಮುಗಿದರು. "ಬಂದ್ರಲೆ" ಎಂದರು.

ಪೆಟ್ಟಿಗೆ ಕಟ್ಟುವಾಗ ತಮ್ಮ ಕೇಳಿದ, "ಎಂತ ಅಂದ್ರ್ ಅಕ್ಕ, ಜನ?"

ಮುದುಕರು ಹೇಳಿದ್ದನ್ನು ಹಾಗೇ ಹೇಳಿದೆ. ಅವನು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. "ನಾನ್ ಸಮಾ ಕುಣ್ದಿದ್ದೆ ಅಕ್ಕ. ನನ್ ಕೈಯಗೆ ಎಂತದೂ ತಪ್ಪಿಲ್ಲೆ" ಎಂದ.

ವಂಡ್ಸೆಯ ಆಟದಲ್ಲೂ ಹಾಗೇ ಆಯಿತು. ಅಲ್ಲಿ ಯಾರೋ ಫೋನಿನಲ್ಲಿ ವಿಡಿಯೋ ತೆಗೆದು ಊರಿಗೆಲ್ಲ ಕಳಿಸಿದರು. ಮುಂದಿನ ಆಟಕ್ಕೆ ಜನವೋ ಜನ. ಗೊಂಬೆಯಾಟ ಎಂದರೆ ಮೂಗು ಮುರಿಯುತ್ತಿದ್ದವರೂ ಬಂದು ಬಾಗಿಲ ಹತ್ತಿರ ನಿಂತು, ರಾಜ ಬಂದು ಹೋಗುವುದನ್ನು ನೋಡಿ, ಉಳಿದ ಆಟ ನೋಡದೆ ಹೊರಟುಹೋದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಎಂದರು ಕೆಲವರು. ಗೊಂಬೆಯನ್ನು ಹೊಳೆಗೆ ಬಿಡಿ ಎಂದರು ಇನ್ನು ಕೆಲವರು. ಪುಕ್ಕಟೆ ಬುದ್ಧಿವಾದಕ್ಕೆ ನಮ್ಮ ಕಡೆ ಬರವಿಲ್ಲ. ಬೇರೆ ಗೊಂಬೆಗಳು ತಮ್ಮನ ಕೈಯಲ್ಲಿ ಚೆಂದಕ್ಕೆ ನಡೆಯುತ್ತಿದ್ದವು. ಅಪ್ಪಯ್ಯ ಕೊನೆಯ ತನಕ ಬಿಡದೆ ಹಿಡಿದ ಆ ಒಂದು ಗೊಂಬೆ ಮಾತ್ರ ಕುಂಟುತ್ತಿತ್ತು.

ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಗಿಂತ ಹೆಚ್ಚು ಆಸೆಯಾಗುತ್ತಿತ್ತು ಎಂದರೂ ಸುಳ್ಳಲ್ಲ. ದೀಪ ಆರಿಸಿದ ಸಭೆಯಲ್ಲಿ ಕೂತು, ರಾಜ ಬರುವ ಮೊದಲಿನಿಂದಲೇ ಆ ಬಲಗಾಲಿಗಾಗಿ ಕಾಯುತ್ತಿದ್ದೆ. ಕಾಲು ತಡೆದು ನಿಂತ ಗಳಿಗೆಯಲ್ಲಿ ಅಪ್ಪಯ್ಯ ಪರದೆಯ ಹಿಂದೆಯೇ ಇದ್ದಾರೆ, ಪೆಟ್ಟಿಗೆ ಕಟ್ಟುವಾಗ ಬೆವರು ಒರೆಸಿಕೊಂಡು ಕೇಳುತ್ತಾರೆ ಅನ್ನಿಸುತ್ತಿತ್ತು. ಹಿಂದೆ ಹೋಗಿ ನೋಡಿದರೆ ತಮ್ಮ, ಮುಖವೆಲ್ಲ ಬಿಳಿಚಿಕೊಂಡು ನಿಂತಿರುತ್ತಿದ್ದ.

ಅವನಿಗೆ ಇದು ಆಸೆಯ ವಿಷಯವಾಗಿರಲಿಲ್ಲ. ಅಪ್ಪಯ್ಯನಿಗೆ ತನ್ನ ಕೈ ಹಿಡಿಸಲಿಲ್ಲ, ಅದಕ್ಕೇ ರಾಜನನ್ನು ಬಿಟ್ಟುಕೊಡುತ್ತಿಲ್ಲ ಎಂದು ಅವನು ನಂಬಿಬಿಟ್ಟಿದ್ದ. "ಇನ್ನೊಂದ್ ಆಟ ಕಾಣ್ತೆ ಅಕ್ಕ. ಅದ್ರಗೂ ಕುಂಟಿರೆ ಪೆಟ್ಟಿಗಿ ಅಟ್ಟಕ್ಕೆ ಹಾಕೂದೇ. ಮತ್ತೆ ನಂಗ್ ಹೇಳುಕಿಲ್ಲ" ಎಂದ. ರಾಜನಿಲ್ಲದೆ ನಮ್ಮಲ್ಲಿ ಯಾವ ಪ್ರಸಂಗವೂ ಇಲ್ಲ. ಅವನು ಬಿಟ್ಟರೆ ಅಜ್ಜನಿಂದ ಬಂದ ಆಟ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ನಾವು ಅಮ್ಮನ ಕಿವಿಗೆ ಹಾಕಿರಲಿಲ್ಲ, ಹೆದರಿಯಾಳು ಎಂದು. ಆದರೆ ವರ್ಷಾಂತಿಕದ ಊಟಕ್ಕೆ ಬಂದ ನೆರೆಮನೆಯವರು ಕೈ ತೊಳೆಯುತ್ತಾ, "ನಿಮ್ಮವ್ರ್ ಈಗ್ಳೂ ಆಟಕ್ಕೆ ಬತ್ರ್ ಅಂಬ್ರಲೆ ಜನ?" ಎಂದು ಕೇಳಿಯೇಬಿಟ್ಟರು. ಅಮ್ಮ ಅವರ ಕೈಗೆ ಟವೆಲು ಕೊಟ್ಟಳು. ಸಂಜೆ ನಾನು ಎಲ್ಲವನ್ನೂ ಹೇಳಿ, ಫೋನಿನಲ್ಲಿದ್ದ ವಿಡಿಯೋ ತೋರಿಸಲು ಹೋದರೆ ಕೈ ಅಡ್ಡ ಹಿಡಿದಳು.

"ಮೊಬೈಲಗೆ ಬ್ಯಾಡ. ಎದ್ರಿಗ್ ಕೂಕಂಡ್ ಕಾಣ್ಕ್ ನಂಗೆ. ಒಂದ್ ಹಾಲ್ ಮಾಡ್."

ಮದುವೆಯ ಹಾಲ್ ಗೊತ್ತುಮಾಡುವುದೆಂದರೆ ಸುಮ್ಮನೆಯೇ! ಫೋನ್ ಮಾಡಿದ ಮೊದಲನೆಯವರೇ ಕೇಳಿದರು, "ಮದಿಯಾ, ಉಪನಯನವಾ?"

"ಗೊಂಬೆಯಾಟ."

"ಊಟ ಎಷ್ಟ್ ಎಲಿ?"

"ಊಟ ಇಲ್ಲೆ ಮಾರಾಯ್ರೆ."

"ಊಟ ಇಲ್ದಿರೆ ಹಾಲ್ ಎಂತಕ್ಕೆ?"

ಅವರ ಪ್ರಶ್ನೆಯೂ ನ್ಯಾಯವೇ. ಬ್ರಹ್ಮಾವರದಿಂದ ಬೈಂದೂರಿನ ತನಕ ಹಾಲ್ ಕಟ್ಟಿಸುವುದು ಊಟಕ್ಕೆ. ವೇದಿಕೆ ಇರುವುದು ಮದುಮಕ್ಕಳು ಕೂರಲಿಕ್ಕೆ. ಬ್ರಹ್ಮಾವರದಲ್ಲಿ ಒಂದು ಸಿಕ್ಕಿತು ಎಂದು ಹೋಗಿ ನೋಡಿದರೆ ವೇದಿಕೆಯ ಹಿಂಗೋಡೆಗೆ ಪ್ಲಾಸ್ಟಿಕ್ ಹೂವಿನ ಮಂಟಪವನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ, ತೆಗೆಯುವ ಹಾಗಿಲ್ಲ. ನಮಗೆ ಪರದೆಯ ಹಿಂದೆ ಮೂರು ಜನ ಕುಣಿಯುವಷ್ಟು ಜಾಗ ಬೇಕು ಎಂದರೆ, "ಸೋಫಾದ ಎದ್ರ್ ಆಡ್ಸಿ, ಜನ್ರಿಗ್ ಹತ್ರ ಆತ್ತ್" ಎಂದರು. ಕುಂದಾಪುರದಲ್ಲಿ ಮಾತಾಗಿದ್ದ ಒಂದು ಹಾಲ್, ಕರಪತ್ರ ಅಚ್ಚಾದ ಮೇಲೆ ಯಾರದೋ ಸನ್ಮಾನಕ್ಕೆ ಹೋಯಿತು. "ಒಂಚೂರ್ ಅಡ್ಜಸ್ಟ್ ಮಾಡ್ಕಣಿ ಅಕ್ಕ, ನಿಮ್ದ್ ಗೊಂಬಿ ಅಲ್ದಾ, ಕಾದ್ಕಂಡ್ ಇರ್ತೊ" ಎಂದು ಅಲ್ಲಿಯವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಗೊಂಬೆ ಕಾಯಬಹುದು, ತಮ್ಮ ಎಷ್ಟು ದಿನ ಕಾದಾನು? ಅವನಾಗಲೇ ಪೆಟ್ಟಿಗೆಯ ಮೇಲೆ ಗೋಣಿ ಹೊದೆಸಿದ್ದ. ಹಾಲ್ ತಪ್ಪಿದ ಪ್ರತಿ ಸಲ, "ಅಪ್ಪಯ್ಯಂಗೇ ಮನಸ್ಸಿಲ್ಲೆ" ಎನ್ನುತ್ತಿದ್ದ.

ಮದುವೆಯ ಕಾಲವಿಡೀ ಹೀಗೇ ಕಳೆದು ಮಳೆ ಹಿಡಿಯಿತು. ಎಲ್ಲರೂ ಪಂಚಾಂಗ ತೆಗೆಯುವುದು ಮುಹೂರ್ತ ನೋಡಲು. ನಾನು ಮುಹೂರ್ತವೇ ಇಲ್ಲದ ದಿನ ಹುಡುಕಲು ತೆಗೆದೆ. ಕೊನೆಗೆ ಬೈಂದೂರಿನ ಹತ್ತಿರ ಯಡ್ತರೆಯಲ್ಲಿ ಒಂದು ಹಾಲ್ ಸಿಕ್ಕಿತು, ಆಸಾಡಿ ಅಮಾವಾಸ್ಯೆಯ ದಿನ ಮಧ್ಯಾಹ್ನಕ್ಕೆ. ಆ ದಿನ ಮತ್ತೆ ಯಾರು ಕೇಳುತ್ತಾರೆ? ಬೀಗದ ಕೈ ಕೊಡುವಾಗ ಹಾಲಿನವರು ನನ್ನ ಮುಖವನ್ನೇ ನೋಡಿದರು. "ಅಮಾಸಿ ದಿನವೇ ಮಾಡ್ತ್ರಿಯಾ? ನಿಮ್ಮ್ ಗೊಂಬಿ ಸುದ್ದಿ ಕೇಂಡಿದ್ದೆ" ಎಂದರು. ನಾನು ಬೀಗದ ಕೈಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡೆ.

ಅಪ್ಪಯ್ಯ ತಂದುಕೊಟ್ಟಿದ್ದ ನೀಲಿ ಸೀರೆ ಉಟ್ಟು ಅಮ್ಮ ಬಂದಳು. ಮುಖಕ್ಕೆ ಪೌಡರ್ ಹಾಕಿದ್ದಳು. ಎರಡನೇ ಸಾಲಿನಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ತನ್ನ ಬ್ಯಾಗ್ ಇಟ್ಟುಕೊಂಡಳು. ಯಾರೋ ಕೂರಲು ಬಂದರೆ, "ಜನ ಇತ್ತ್" ಎಂದಳು. ಅವಳು ಯಾರನ್ನು ನೋಡಲು ಬಂದಿದ್ದಾಳೆ ಎಂದು ನನಗೆ ಆಗ ಸರಿಯಾಗಿ ತಿಳಿಯಿತು. ನಾನು ಆ ಕುರ್ಚಿಯ ಆಚೆ ಬದಿಗೆ ಕೂತೆ. ಹೊರಗೆ ಮಳೆ ಸುರಿಯುತ್ತಿತ್ತು. ತಗಡಿನ ಮಾಡಿನ ಮೇಲೆ ಅದರ ಸದ್ದಿಗೆ ಮದ್ದಳೆಯೇ ಕೇಳುತ್ತಿರಲಿಲ್ಲ.

ರಾಜ ಬಂದ. ಬಲಗಾಲು ಎತ್ತಿದ, ತಡೆದ, ಓರೆಯಾದ. ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ನಾನು ಅಮ್ಮನ ಮುಖ ನೋಡಿದೆ. ಬಾಯಿ ತುಸು ತೆರೆದು, ಹೊಸ್ತಿಲಲ್ಲಿ ಬಂದು ನಿಂತವರನ್ನು ಕಂಡ ಹಾಗೆ ನಗುತ್ತಿದ್ದಳು. ರಾಜ ಇನ್ನೂ ಎರಡು ಹೆಜ್ಜೆ ಹಾಕಿದ. ಅಮ್ಮನ ಕಣ್ಣು ರಾಜನ ಮುಖ ಬಿಟ್ಟು ಅವನ ಕಾಲಿಗೆ ಇಳಿಯಿತು, ಕಾಲಿನಿಂದ ನೂಲು ಹಿಡಿದು ಮೇಲಕ್ಕೆ ಹೋಯಿತು. ನಗು ಹಾಗೇ ಆರಿತು. ಮಡಿಲಲ್ಲಿದ್ದ ಬೆರಳುಗಳು ಸೆರಗಿನ ತುದಿಗೆ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿದವು. ಆಮೇಲೆ ಆಟ ಮುಗಿಯುವ ತನಕ ಅವಳು ತಲೆ ಎತ್ತಲಿಲ್ಲ.

ಪರದೆಯ ಹಿಂದೆ ತಮ್ಮ ಗೆಜ್ಜೆಯನ್ನೂ ಬಿಚ್ಚದೆ ಕೂತಿದ್ದ. "ಕಂಡ್ಯಾ ಅಮ್ಮ?" ಎಂದ. ಅಮ್ಮ ಕನ್ನಡಕ ಹಾಕಿಕೊಂಡು ರಾಜನನ್ನು ಮಡಿಲಿಗೆ ಎಳೆದುಕೊಂಡಳು. ಬಲಗಾಲಿನ ನೂಲಿನ ಮೇಲ್ತುದಿಗೆ ಸುತ್ತಿದ್ದ ಬಟ್ಟೆ ಬಿಡಿಸಿದಳು. ಒಳಗೆ ಒಂದು ಗಂಟು.

"ಇದ್ ನಾನ್ ಹಾಕದ್" ಎಂದಳು. "ಅವ್ರ್ ಬಲಗಾಲ್ ಊರುವತಿಗೆ ಮೈ, ಕೈ ಎಲ್ಲ ಆ ಬದಿಗ್ ಕುಸೀತಿತ್ತ್. ಗೊಂಬಿ ಕಾಲ್ ನೆಲ ಒರ್ಸ್ತಿತ್ತ್. ಅದ್ಕೆ ಆ ಒಂದ್ ನೂಲ್ ಗಿಡ್ಡ ಮಾಡ್ದೆ. ನಿಂದ್ ಸಮಾ ಕಾಲ್ ಮಗಾ. ನಿಂಗೆ ಅದ್ ಗೊಂಬಿ ಕಾಲ್ ಎತ್ತಿ ಹಿಡಿತ್ತ್."

"ಅಪ್ಪಯ್ಯಂಗೆ ಗೊತ್ತಿತ್ತಾ?" ಎಂದೆ ನಾನು.

"ಗೊತ್ತಾರೆ ಮತ್ತೆ ಗೊಂಬಿ ಮುಟ್ತಿದ್ರಾ ಅವ್ರ್?"

ತಮ್ಮ ನಗಲು ಶುರು ಮಾಡಿದ. ನಗುತ್ತಾ ನಗುತ್ತಾ ಅತ್ತುಬಿಟ್ಟ. ಅವನ ತಲೆಯ ಮೇಲಿಂದ ಒಂದು ದೊಡ್ಡ ಹೊರೆ ಇಳಿಯಿತು. ನನಗೂ ಹಗುರಾಗಬೇಕಿತ್ತು. ಆಗಲಿಲ್ಲ. ಅಮ್ಮನ ಮೇಲೆ ಸಿಟ್ಟು ಬಂತು. ಸಭೆಯಲ್ಲಿದ್ದವರಿಗೆಲ್ಲ ಅಪ್ಪಯ್ಯ ಬಂದಿದ್ದರು, ನನಗೂ ಬಂದಿದ್ದರು. ಇವಳು ಒಂದು ಗಂಟು ತೋರಿಸಿ ಅವರನ್ನು ಮತ್ತೆ ಕಳಿಸಿಬಿಟ್ಟಳು. ಆದರೆ ಆ ನೀಲಿ ಸೀರೆ ಕಣ್ಣೆದುರೇ ಇತ್ತು. ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡು ಬಂದವಳು ಅವಳು. ಬಂದದ್ದು ಅವರಲ್ಲ ಎಂದು ನೋಡಿದ ಕೂಡಲೇ ತಿಳಿಯುವಂಥವಳೂ ಅವಳೊಬ್ಬಳೇ.

"ನಾನೂ ಅವ್ರೇ ಅಂದ್ಕಂಡಿದ್ದೆ, ಎರಡ್ ಹೆಜ್ಜಿ" ಎಂದಳು.

ಗಂಟು ಗಟ್ಟಿಯಾಗಿ ಕೂತಿತ್ತು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತಮ್ಮನನ್ನು ಎದ್ದು ನಿಲ್ಲಿಸಿ, ಅವನ ಕೈಯ ಎತ್ತರಕ್ಕೆ ನೂಲು ಹಿಡಿದು ನೋಡಿ ಮತ್ತೆ ಕಟ್ಟಿದಳು. ಅವಳು ಸಭೆಯಲ್ಲೇ ಮರೆತು ಬಂದಿದ್ದ ಬ್ಯಾಗನ್ನು ನಾನು ಹೋಗಿ ತಂದೆ.

ಮುಂದಿನ ಆಟ ಮತ್ತೆ ಬ್ರಹ್ಮಾವರದ ಅದೇ ಶಾಲೆಯಲ್ಲಿ. ತಮ್ಮನೇ ಓಡಾಡಿ ಕೇಳಿ ಗಟ್ಟಿ ಮಾಡಿದ್ದ. ಅಮ್ಮ ಈ ಸಲವೂ ಎದುರಿಗೇ ಕೂತಳು, ಬ್ಯಾಗ್ ಈ ಸಲವೂ ಪಕ್ಕದ ಕುರ್ಚಿಯ ಮೇಲಿತ್ತು. ಗೆಜ್ಜೆ ಒಂದೇ ಸಮ, ರಾಜ ನೆಟ್ಟಗೆ ನಡೆದು ಬಂದ. ಬಾಗಿಲ ಹತ್ತಿರ ನಿಂತಿದ್ದ ಕೆಲವರು ಗೊಣಗಿಕೊಂಡು ಹೊರಟುಹೋದರು. ಉಳಿದವರು ಚಪ್ಪಾಳೆ ತಟ್ಟಿದರು. ಕುಣಿತ ನಿಜವಾಗಿ ಚೆನ್ನಾಗಿತ್ತು. ನಾನು ಮಾತ್ರ ಆ ಬಲಗಾಲು ಒಮ್ಮೆಯಾದರೂ ತಡೆದೀತೋ ಎಂದು ನೋಡುತ್ತಲೇ ಇದ್ದೆ.

ತಡವಾಗಿ ಬಂದ, ಅಂದು ಇಲ್ಲೇ ಕೈ ಮುಗಿದಿದ್ದ ಆ ಮುದುಕರು ಕೋಲೂರಿಕೊಂಡು ನಮ್ಮ ಸಾಲಿಗೆ ಬಂದು ನಿಂತರು. ವೇದಿಕೆಯ ಮೇಲಿನ ರಾಜನನ್ನು ಸುಮಾರು ಹೊತ್ತು ನೋಡಿದರು. ಮತ್ತೆ ಅಮ್ಮನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, "ಇವತ್ತ್ ಅವ್ರ್ ಬರ್ಲಿಲ್ಯಾ?"

ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲೆ, ಅವ್ರ್ ಬತ್ತಿಲ್ಲೆ" ಎಂದಳು. "ನೀವ್ ಕೂಕಣಿ."