ಹಳದಿ ಕಂಬದ ಒಳಗೋ, ಹೊರಗೋ

ಬೆಳಗಿನ ಆರು ಗಂಟೆ. ಅಟ್ಲಾಂಟಾ ಬಳಿಯ ಡುಲುತ್‌ನಲ್ಲಿ ಇನ್ನೂ ಕತ್ತಲು. ಬಟ್ಟೆ ಇಡುವ ಪುಟ್ಟ ಕೋಣೆಯಲ್ಲಿ, ಚಳಿಗಾಲದ ಕೋಟುಗಳ ನಡುವೆ, ಯಾಮಿನಿ ಶೇಷಾದ್ರಿ ಮೈಕ್ ಮುಂದೆ ನಿಂತಿದ್ದಾರೆ. ಕೋಟುಗಳಿದ್ದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲವಂತೆ. ಲ್ಯಾಪ್‌ಟಾಪ್‌ನಲ್ಲಿ ಕಾಣುವುದು ಟೋಕಿಯೊದ ಕಿಕ್ಕಿರಿದ ಕ್ರೀಡಾಂಗಣ. ಅಮೆರಿಕದ ಎರಡು ಬೇಸ್‌ಬಾಲ್ ತಂಡಗಳು ಈ ವರ್ಷದ ಮೊದಲ ಪಂದ್ಯವನ್ನು ಅಲ್ಲಿ ಆಡುತ್ತಿವೆ. ಕರ್ನಾಟಕದ ಮೊಬೈಲ್‌ಗಳಿಗೆ ಅದನ್ನು ಕನ್ನಡ ಕಾಮೆಂಟರಿಯಲ್ಲಿ ಮುಟ್ಟಿಸುವವರು ಯಾಮಿನಿ.

"ಮಿಕ್ಸಿ ಹಾಕ್ಬೇಡಿ," ಎಂದು ಅಡುಗೆಮನೆಯತ್ತ ಹೇಳುತ್ತಾರೆ.

"ಕಾಫಿಗೆ ಯಾರು ಮಿಕ್ಸಿ ಹಾಕ್ತಾರೆ, ಮಹಾರಾಯ್ತಿ?" ಇದು ಪತಿ ಯಶವಂತ್.

ಹಗಲು ಯಾಮಿನಿ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಊಟ ಬಡಿಸುತ್ತಾರೆ. ಮೈಸೂರಿನಲ್ಲಿ ಕಾಲೇಜು ಕ್ರಿಕೆಟ್‌ಗೆ ಮೈಕ್ ಹಿಡಿದವರು. ಮಗಳು ಇಶಾಳನ್ನು ಬೇಸ್‌ಬಾಲ್‌ನಂಥದೇ ಆಟವಾದ ಸಾಫ್ಟ್‌ಬಾಲ್‌ಗೆ ಕಾರಿನಲ್ಲಿ ಕರೆದೊಯ್ದು, ಅಲ್ಲೇ ಕಾಯುತ್ತ ಈ ಆಟ ಕಲಿತರು. ಬೆಂಗಳೂರಿನ ಕ್ರೀಡಾ ಆ್ಯಪ್ ಒಂದು ಅವರನ್ನು ಕರೆದಾಗ ನೋಡುಗರು ಕೆಲವೇ ನೂರು. ಈಗ ನಲವತ್ತು ಸಾವಿರ ದಾಟಿದೆ ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನಾನು ಎಣಿಸಿಲ್ಲ.

ಅಷ್ಟು ಜನರೆದುರಿಗೇ ಕಳೆದ ಅಕ್ಟೋಬರ್‌ನಲ್ಲಿ ಅವರು ಎಡವಿದರು. ಚೆಂಡು ಗ್ಯಾಲರಿಗೆ ಹಾರಿದ್ದೇ ತಡ, "ಹೋಂ ರನ್" ಎಂದುಬಿಟ್ಟರು. ಕ್ರಿಕೆಟ್‌ನಲ್ಲಿ ಯಾವ ದಿಕ್ಕಿಗೆ ಹಾರಿದರೂ ಸಿಕ್ಸರ್. ಇಲ್ಲಿ ಎರಡು ಹಳದಿ ಕಂಬಗಳ ನಡುವೆಯೇ ಹೋಗಬೇಕು. ಹೊರಗೆ ಹೋದರೆ ಫೌಲ್, ರನ್ ಇಲ್ಲ. ಅಂದು ಹೋದದ್ದು ಹೊರಗೇ. ಆ ತುಣುಕು ವಾಟ್ಸ್ಯಾಪ್‌ನಲ್ಲೆಲ್ಲ ಓಡಾಡಿತು. 'ಸಿಕ್ಸರ್ ಆಂಟಿ' ಎಂಬ ಹೆಸರೂ ಬಿತ್ತು. ಇನ್ನೊಮ್ಮೆ ಹೀಗಾದರೆ ಕನ್ನಡ ನಿಲ್ಲಿಸಿ ಹಿಂದಿಯಷ್ಟೇ ಉಳಿಸುತ್ತೇವೆ ಎಂದು ಆ್ಯಪ್‌ನವರು ಹೇಳಿದ್ದಾರೆ.

"ನನ್ನಿಂದ ಕನ್ನಡಾನೇ ಹೋಯ್ತು ಅಂತಾಗ್ಬಾರ್ದು. ನಿದ್ದೇನೇ ಬರಲ್ಲ," ಎನ್ನುತ್ತಾರೆ ಯಾಮಿನಿ.

ಇಂದಿನ ಪಂದ್ಯ, ಒಂಬತ್ತರಲ್ಲಿ ಏಳನೇ ಇನಿಂಗ್ಸ್. ಚೆಂಡು ಎತ್ತರಕ್ಕೆ ಚಿಮ್ಮಿ ಎಡಗಡೆಯ ಕಂಬದತ್ತಲೇ ಸಾಗುತ್ತದೆ. ಯಾಮಿನಿ ಪರದೆಯ ಹತ್ತಿರಕ್ಕೆ ಬಾಗುತ್ತಾರೆ. ಬೆಂಗಳೂರಿನಿಂದ ಪ್ರಸಾರ ನೋಡಿಕೊಳ್ಳುವ ಶರಣ ಪರದೆಯ ಮೂಲೆಯಲ್ಲಿ ಟೈಪ್ ಮಾಡುತ್ತಾರೆ: "ಮೇಡಂ, ಮಾತಾಡಿ." ಬಾಗಿಲ ಬಳಿ ಕೂತ ನನಗೆ ಪೆನ್ನು ಸದ್ದು ಮಾಡೀತೆಂಬ ಅಂಜಿಕೆ.

"ದೊಡ್ಡ ಹೊಡೆತ," ಎನ್ನುತ್ತಾರೆ ಕೊನೆಗೆ. "ಕಂಬದ ಒಳಗೋ, ಹೊರಗೋ? ನಂಗೂ ಗೊತ್ತಾಗ್ತಿಲ್ಲ. ಅಂಪೈರ್ ಕೈ ನೋಡೋಣ."

ಅಂಪೈರ್ ಎರಡೂ ಕೈ ಎತ್ತುತ್ತಾರೆ. ಕ್ರಿಕೆಟ್‌ನಲ್ಲಾದರೆ ಸಿಕ್ಸರ್, ಇಲ್ಲಿ ಅದರ ಅರ್ಥ ಬೇರೆ.

"ಫೌಲ್. ಇಷ್ಟು ದೂರ ಹೋದ್ರೂ ಲೆಕ್ಕಕ್ಕಿಲ್ಲ."

ಪಂದ್ಯ ಮುಗಿದ ಮೇಲೆ ಶರಣ ಬರೆಯುತ್ತಾರೆ: "ಏಪ್ರಿಲ್‌ಗೂ ನೀವೇ, ಮೇಡಂ." ಅದರ ಕೆಳಗೆ ದಾವಣಗೆರೆಯ ನೋಡುಗರೊಬ್ಬರ ಕಾಮೆಂಟ್: "ಆಂಟಿ, ಇವತ್ತು ಸಿಕ್ಸರ್ ಇಲ್ವಾ?"

ಯಾಮಿನಿ ಅದನ್ನು ಎರಡು ಸಲ ಓದಿ, ಕೆಫೆಟೇರಿಯಾದ ಏಪ್ರನ್ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ನಗ್ಲಿ ಬಿಡಿ. ಕನ್ನಡ ಆಫ್ ಮಾಡದಿದ್ರೆ ಸಾಕು."