ಕಾಕು ತೆಗೆದುಕೊಳ್ಳದ ಖಾಲಿ ಡಬ್ಬಿ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಕೆಲವು ದಿನಗಳಾಗಿದ್ದವು. ಆ ವರ್ಷದ ಬೇಸಿಗೆಯಲ್ಲಿ ಮರಾಠಿ ನಾಡಿನಲ್ಲಿ ನಾವಿರುವ ಊರಲ್ಲಿ, ಕಾತ್ರಜ ಕಡೆಯಿಂದ ಧನಕವಡಿಯ ನಮ್ಮ ಮನೆಗೆ ಬರುವಾಗ ಸ್ಕೂಟರ್ ಜಾರಿ, ನನ್ನ ತಲೆಗೆ ಜೋರಾಗಿ ಪೆಟ್ಟಾಗಿತ್ತು. ಹೆಲ್ಮೆಟ್ ಹಾಕಿದ್ದೆ ಎಂದು ನನ್ನ ನೆನಪು. ಹಾಕಿರಲಿಲ್ಲ ಎಂದು ಹೆಂಡತಿ ವೀಣಾ ಹೇಳುತ್ತಾಳೆ. ಇಂಥ ವಿಷಯದಲ್ಲಿ ನಾನೀಗ ವಾದ ಮಾಡುವುದಿಲ್ಲ. ಮುಂದೆ ಬರೆಯುವುದನ್ನೂ ಓದುಗರು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಗಾಯ ಮಾಯಿತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲಸಕ್ಕೆ ಮರಳಿದೆ. ಆದರೆ ಪಾಠದ ನಡುವೆ ಮಾತು ಕಳೆದುಹೋಗುತ್ತಿತ್ತು, ಸಣ್ಣ ಸದ್ದಿಗೂ ಸಿಟ್ಟು ಬರುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಕುಳಿತೆ. ನೋಡಲು ಬಂದವರು "ಮೊದಲಿನಂಗ ಆಗೀರಲ್ರೀ" ಎನ್ನುತ್ತಿದ್ದರು. ಕ್ರಮೇಣ, ನಾನಿಲ್ಲದಿದ್ದರೆ ಮನೆಯವರಿಗೆ ಹಗುರಾಗುತ್ತದೆ ಎಂಬ ವಿಚಾರ ತಲೆಯಲ್ಲಿ ಬಂದು ಕೂತಿತು. ಡಾಕ್ಟರಿಗೂ ಹೇಳಲಿಲ್ಲ. ಅದು ನನಗೆ ಕಾಯಿಲೆಯಂತೆ ಕಾಣಲಿಲ್ಲ. ಲೆಕ್ಕ ಮಾಡಿ ಬಂದ ಉತ್ತರದಂತೆ ಕಂಡಿತು.

ಒಂದು ಬೆಳಿಗ್ಗೆ ವೀಣಾ ಆಫೀಸಿಗೆ ಹೋದ ಮೇಲೆ, ಇವತ್ತೇ ಎಂದು ನಿರ್ಧರಿಸಿದೆ. ಯಾರದೂ ಏನೂ ನಮ್ಮಲ್ಲಿ ಉಳಿಯಬಾರದು ಅನ್ನಿಸಿತು. ಅಡುಗೆ ಕಟ್ಟೆಯ ಮೇಲೆ ನೆರೆಯವರು ದೀಪಾವಳಿಗೆ ಚಕ್ಕಲಿ, ಚಿವಡಾ, ಕರ್ಜಿಕಾಯಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಗಳಿದ್ದವು. ತೊಳೆದು ಒರೆಸಿ ಒಂದೊಂದೇ ಮನೆಗೆ ಕೊಟ್ಟು ಬಂದೆ. ಬೆಳಗಿನ ಗಡಿಬಿಡಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೊನೆಯದು ಮೇಲಿನ ಮಹಡಿಯ ಇಂದಿರಾ ಕಾಕು ಅವರದು. ಬೆಳಗಾವಿ ಕಡೆಯವರು, ನನ್ನ ತಾಯಿಯ ವಯಸ್ಸು.

ಕಾಕು ಬಾಗಿಲಲ್ಲೇ ಮುಚ್ಚಳ ತೆಗೆದು ನೋಡಿದರು.

"ಖಾಲಿ ಡಬ್ಬಿ ತಂದೀ? ವೀಣಾಗ ಗೊತ್ತದ ಏನು?"

"ಇಲ್ರೀ ಕಾಕು. ಎಲ್ಲಾರದೂ ಮುಟ್ಟಿಸಿ ಬಂದೆ. ನಿಮ್ಮದು ನಿಮಗ ಮುಟ್ಟಿದ್ರ ಸಾಕು."

"ನಾಕು ಕಾಳು ಸಕ್ಕರಿನೂ ಸಿಗಲಿಲ್ಲ? ನಮ್ಮ ಮಂದ್ಯಾಗ ಮಾತು ಬಿಟ್ಟವರಷ್ಟ ಹಿಂಗ ಕೊಡ್ತಾರ. ನನ್ನ ಜೋಡಿ ಏನು ಜಗಳಾ ನಿಂದು?"

ನನಗೆ ನಗು ಬರಲಿಲ್ಲ. ಕಾಕು ನನ್ನ ಮುಖವನ್ನೇ ನೋಡಿದರು.

"ಶ್ರೀಧರ, ಜೀವಾ ಕಳಕೊಳ್ಳೂ ವಿಚಾರ ಮಾಡೀ ಏನು?"

ಅಷ್ಟು ತಿಂಗಳಲ್ಲಿ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. "ಹೌದ್ರೀ" ಎಂದೆ.

ಅವರು ಅಳಲಿಲ್ಲ, ಬೈಯಲಿಲ್ಲ. "ಒಳಗ ಬಾ, ಕೂಡು" ಎಂದು ವೀಣಾಗೆ ಫೋನ್ ಮಾಡಿದರು. ಆಕೆ ಬರುವತನಕ ನನ್ನೆದುರು ಕೂತು ಮೆಂತ್ಯ ಸೊಪ್ಪು ಬಿಡಿಸಿದರು. ನನ್ನ ಕೈಗೂ ಒಂದು ಸಿವುಡು ಕೊಟ್ಟು, "ನೆಟ್ಟಗ ನೋಡಿ ಬಿಡಸು. ಪ್ರೊಫೆಸರ್ ಮಂದಿ ಎಲಿ ಒಗದು ದಂಟು ಇಟ್ಟಗೋತೀರಿ" ಎಂದರು.

ಅಂದೇ ಮಧ್ಯಾಹ್ನ ಇಬ್ಬರೂ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ತಲೆಗೆ ಪೆಟ್ಟಾದವರಿಗೆ ಗಾಯ ಮಾಯ್ದ ಎಷ್ಟೋ ತಿಂಗಳ ಮೇಲೂ ಇಂಥ ಖಿನ್ನತೆ ಬರುವುದುಂಟು, ಸಾಯುವ ವಿಚಾರವೂ ಅದರದೇ ಭಾಗ, ಇದಕ್ಕೆ ಚಿಕಿತ್ಸೆಯಿದೆ ಎಂದು ಡಾಕ್ಟರು ಮರಾಠಿಯಲ್ಲಿ ನಿಧಾನವಾಗಿ ವಿವರಿಸಿದರು. ಕೇಳುತ್ತ ಕೂತಾಗ ನಾಚಿಕೆಯಾಯಿತು. ಹೆಲ್ಮೆಟ್ಟಿನ ನೆನಪನ್ನು ಅನುಮಾನಿಸಿದ್ದೆ, ವಿದ್ಯಾರ್ಥಿಗಳ ಹೆಸರುಗಳನ್ನು ಅನುಮಾನಿಸಿದ್ದೆ. ಪೆಟ್ಟು ತಿಂದ ಅದೇ ತಲೆ ಹೇಳಿದ ಆ ಒಂದು ಮಾತನ್ನು ಮಾತ್ರ ಪ್ರಶ್ನೆ ಮಾಡದೆ ನಂಬಿದ್ದೆ.

ಗುಣವಾಗಲು ಬಹಳ ಕಾಲ ಹಿಡಿಯಿತು. ಮಾತ್ರೆ ಒಮ್ಮೆ ಬದಲಾಯಿತು. ಈಗಲೂ ಆ ವಿಚಾರ ಅಪರೂಪಕ್ಕೆ ಬರುತ್ತದೆ. ಬಂದ ದಿನವೇ ವೀಣಾಗೆ ಹೇಳುತ್ತೇನೆ.

ನಾನು ಅಂದು "ಹೌದ್ರೀ" ಅನ್ನಲೇ ಇಲ್ಲ, ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ ಎಂದು ಕಾಕು ಹೇಳುತ್ತಾರೆ. ಅತ್ತದ್ದು ನನಗೆ ನೆನಪಿಲ್ಲ. ಡಬ್ಬಿಯನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ, "ತುಂಬಿಸಿ ನೀನ ತಂದು ಕೊಡಬೇಕು" ಎಂದು ವಾಪಸು ಕಳಿಸಿದರು. ಅದು ಇವತ್ತಿಗೂ ಎರಡು ಮನೆಗಳ ನಡುವೆ ಓಡಾಡುತ್ತಿದೆ. ಈ ವಾರ ನಮ್ಮಲ್ಲಿದೆ. ಶೇಂಗಾ ಚಟ್ನಿ ಮಾಡಿ ತುಂಬಿಟ್ಟಿದ್ದೇನೆ. ಉಪ್ಪು ಎರಡು ಸಲ ಹಾಕಿದೆನೋ ಎಂಬ ಅನುಮಾನವಿದೆ. ತಿಂದು ನೋಡಿ ಕಾಕು ಹೇಳುತ್ತಾರೆ.